ಮೈಲೇಜ್ ಬಂತು, ಮನೆಯವರು ಇಳಿದು ಹೋದರು

ಪ್ರಶ್ನೆ: ಮೇಡಂ, ನನಗೆ 38 ವರ್ಷ. ನಾಗರಭಾವಿಯಲ್ಲಿ ಮನೆ, ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸ. ಹೋಗಿ ಬರೋದು ದಿನಕ್ಕೆ 44 ಕಿಲೋಮೀಟರ್. ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ದಾಟಿದ ಮೇಲೆ ಕಾರು ಓಡಿಸುವ ರೀತಿಯನ್ನೇ ಬದಲಾಯಿಸಿಕೊಂಡೆ. ಆಕ್ಸಿಲರೇಟರ್ ಜೋರಾಗಿ ಒತ್ತುವುದಿಲ್ಲ. ದೂರದಲ್ಲಿ ಕೆಂಪು ದೀಪ ಕಂಡರೆ ಅಲ್ಲೇ ಕಾಲು ತೆಗೆಯುತ್ತೇನೆ. ಸಿಗ್ನಲ್ಲಿನಲ್ಲಿ ಎಂಜಿನ್ ಆಫ್. ಫ್ಲೈಓವರ್ ಇಳಿಯುವಾಗ ನ್ಯೂಟ್ರಲ್. ಎಸಿ ಹಾಕುವುದೇ ಇಲ್ಲ. 11 ಬರುತ್ತಿದ್ದ ಮೈಲೇಜ್ ಈಗ 14.

ಆದರೆ ಯಾರಿಗೂ ಇದರ ಬೆಲೆ ಗೊತ್ತಿಲ್ಲ. ಅಪ್ಪ ದಿನಾ ಬೆಳಿಗ್ಗೆ 'ಎಂಜಿನ್ ಬಿಸಿ ಆಗಲಿ' ಅಂತ ಹತ್ತು ನಿಮಿಷ ಕಾರು ಸ್ಟಾರ್ಟ್ ಮಾಡಿ ನಿಲ್ಲಿಸುತ್ತಾರೆ. ಹೆಂಡತಿ ನನ್ನ ಜೊತೆ ಬರೋದು ಬಿಟ್ಟು ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತುತ್ತಾಳೆ. ಮೈಸೂರಿಗೆ ಹೋದಾಗ 70ರಲ್ಲಿ ಓಡಿಸಿದೆ ಅಂತ ಭಾಮೈದ 'ಭಾವ, ಇದು ಕಾರಾ, ಎತ್ತಿನ ಗಾಡೀನಾ' ಅಂದ. ವಾಪಸ್ ಬರುವಾಗ ರೈಲು ಹಿಡಿದ. ಜೊತೆಗೆ ಬರುತ್ತಿದ್ದ ಮೂವರು ಆಫೀಸ್ ಗೆಳೆಯರು ಈಗ ಅವರವರ ಕಾರಿನಲ್ಲೇ ಬರುತ್ತಾರೆ. ಎಷ್ಟು ಹೇಳಿದರೂ ಯಾರ ತಲೆಗೂ ಹೋಗುವುದಿಲ್ಲ. ಅತ್ತೆ ಒಬ್ಬರು ಮಾತ್ರ 'ಅಳಿಯಂದ್ರ ಗಾಡೀಲಿ ಹೊಟ್ಟೆ ತೊಳಸಲ್ಲ' ಅಂತಾರೆ. ಇವರನ್ನೆಲ್ಲ ಹೇಗೆ ಒಪ್ಪಿಸುವುದು?

ಉತ್ತರ: ನಿಮಗೆ ಲೆಕ್ಕ ಅಂದರೆ ಇಷ್ಟ ಅಂತ ಪತ್ರ ನೋಡಿದರೇ ಗೊತ್ತಾಗುತ್ತದೆ. ಹಾಗಾಗಿ ಲೆಕ್ಕದಿಂದಲೇ ಶುರು ಮಾಡೋಣ.

ತಿಂಗಳಿಗೆ 22 ದಿನ ಆಫೀಸು ಅಂದರೆ 968 ಕಿಲೋಮೀಟರ್. 11ರ ಮೈಲೇಜಿಗೆ 88 ಲೀಟರ್ ಬೇಕಿತ್ತು, 14ಕ್ಕೆ ಸುಮಾರು 69 ಸಾಕು. 19 ಲೀಟರ್ ಉಳಿಯಿತು, ಅಂದರೆ ಎರಡು ಸಾವಿರದ ಹತ್ತಿರ. ಶಹಬ್ಬಾಸ್, ಸಣ್ಣ ಮೊತ್ತವೇನಲ್ಲ.

ಈಗ ಅದೇ ಲೆಕ್ಕದ ಇನ್ನೊಂದು ಪುಟ. ಮೊದಲು ನಾಲ್ಕು ಜನ ಒಂದೇ ಕಾರಿನಲ್ಲಿ ಹೋಗುತ್ತಿದ್ದಿರಿ. ದಿನಕ್ಕೆ 4 ಲೀಟರ್. ಈಗ ನಿಮ್ಮ ಕಾರಿಗೆ ಮೂರು ಲೀಟರ್ ಚಿಲ್ಲರೆ. ಆ ಮೂವರೂ ಹೆಚ್ಚುಕಡಿಮೆ ನಿಮ್ಮಷ್ಟೇ ದೂರದಿಂದ ಬರುತ್ತಾರೆ, ಅವರ ಕಾರುಗಳೂ 11 ಕೊಡುತ್ತವೆ ಅಂದುಕೊಳ್ಳಿ. ತಲಾ 4 ಲೀಟರ್, ಒಟ್ಟು 12. ನೀವು ದಿನಕ್ಕೆ ಒಂದು ಲೀಟರಿಗಿಂತ ಕಡಿಮೆ ಉಳಿಸಿದ್ದೀರಿ. ಅದಕ್ಕೋಸ್ಕರ ಔಟರ್ ರಿಂಗ್ ರೋಡಿಗೆ ಹೊಸದಾಗಿ ಮೂರು ಕಾರು ಇಳಿದಿವೆ, 12 ಲೀಟರ್ ಸುಡುತ್ತಿವೆ. ನಿಮ್ಮ ಮೈಲೇಜ್ ಏರಿತು, ನಿಮ್ಮ ಗುಂಪಿನ ಪೆಟ್ರೋಲ್ ಖರ್ಚೂ ಏರಿತು. ಅಂದಹಾಗೆ, ನಿಮ್ಮ ಮನೆಯಲ್ಲಿ ಒಂದು ತೊಟ್ಟೂ ಪೆಟ್ರೋಲ್ ಇಲ್ಲದೆ ಆಫೀಸು ಮುಟ್ಟುತ್ತಿರುವವರು ನಿಮ್ಮ ಹೆಂಡತಿ ಒಬ್ಬರೇ. ಅವರು ನಿಮಗೆ ಪಾಠ ಹೇಳಿದ್ದಾರಾ? ಇಲ್ಲ ಅಲ್ವಾ?

'ಎಷ್ಟು ಹೇಳಿದರೂ' ಅಂತ ಬರೆದಿದ್ದೀರಿ. ನನ್ನ ಕಣ್ಣು ನಿಂತಿದ್ದು ಅಲ್ಲಿ. ಎಷ್ಟು ಹೇಳಿದಿರಿ? ಬೇರೆಯವರು ಓಡಿಸುವಾಗ ಎಡಗಡೆ ಸೀಟಿನಲ್ಲಿ ಕೂತು, ಅವರು ಬ್ರೇಕ್ ಒತ್ತಿದಾಗಲೆಲ್ಲ 'ಆಗಲೇ ಕಾಲು ತೆಗೀಬೇಕಿತ್ತು' ಅಂದಿರಾ? ಡ್ಯಾಶ್‌ಬೋರ್ಡಿನ ಮೈಲೇಜ್ ನಂಬರನ್ನು ಗಟ್ಟಿಯಾಗಿ ಓದಿ ಹೇಳಿದಿರಾ? ಯಾಕೆ ಕೇಳುತ್ತೇನೆ ಅಂದರೆ, ಒಂದು ಕಾಲದಲ್ಲಿ ನಾನೂ ನಮ್ಮ ಮನೆಯ ಗೀಸರ್ ಇನ್‌ಸ್ಪೆಕ್ಟರ್ ಆಗಿದ್ದೆ. ಸ್ನಾನಕ್ಕೆ ಹೋದವರ ಬಾಗಿಲು ತಟ್ಟಿ 'ಸ್ವಿಚ್ ಆಫ್ ಮಾಡಿದ್ರಾ' ಅಂತ ಕೇಳುವುದೇ ಕೆಲಸ. ಕರೆಂಟ್ ಬಿಲ್ಲು ಎಷ್ಟು ಇಳಿಯಿತೋ ನೆನಪಿಲ್ಲ. ಮಗಳು ಬೇಕಂತಲೇ ಅರ್ಧ ಗಂಟೆ ಸ್ನಾನ ಮಾಡೋಕೆ ಶುರು ಮಾಡಿದ್ದು ಮಾತ್ರ ಚೆನ್ನಾಗಿ ನೆನಪಿದೆ.

ಹಾಗಾಗಿ ಮೊದಲ ಕೆಲಸ, ಒಂದು ತಿಂಗಳು ಮೈಲೇಜ್ ಅನ್ನುವ ಪದವನ್ನೇ ಎತ್ತಬೇಡಿ. ಅದಕ್ಕೂ ಮುಂಚೆ ಒಂದೇ ಒಂದು ಸಲ ಎತ್ತಿ, ನಿಮ್ಮ ತಪ್ಪು ಒಪ್ಪಿಕೊಳ್ಳೋಕೆ.

ತಪ್ಪು ಯಾವುದು ಅಂದರೆ ಆ ನ್ಯೂಟ್ರಲ್. ಕಾರ್ಬ್ಯುರೇಟರ್ ಕಾಲದಲ್ಲಿ ಅದರಿಂದ ಏನೋ ಸ್ವಲ್ಪ ಉಳಿಯುತ್ತಿತ್ತು, ಆ ನಂಬಿಕೆ ಹಾಗೇ ಉಳಿದುಬಿಟ್ಟಿದೆ. ಈಗಿನ ಫ್ಯೂಯೆಲ್ ಇಂಜೆಕ್ಷನ್ ಕಾರಿನಲ್ಲಿ ಗೇರ್ ಹಾಗೇ ಇಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ, ಕಂಪ್ಯೂಟರ್ ಎಂಜಿನ್ನಿಗೆ ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತದೆ. ಉರುಳುತ್ತಿರುವ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್‌ಗೆ ಹಾಕಿದಿರಿ ಅಂದರೆ ಆ ಸಂಬಂಧ ಕಡಿಯಿತು. ಎಂಜಿನ್ ಆರಿಹೋಗದ ಹಾಗೆ ಮತ್ತೆ ಪೆಟ್ರೋಲ್ ಕುಡಿಯಲೇಬೇಕು. ಅಂದರೆ ಹೆಬ್ಬಾಳ ಫ್ಲೈಓವರ್ ಇಳಿಯುತ್ತಾ, ಮುಂದೆ ವಾಹನಗಳು ನಿಂತಿವೆ, ಹೇಗೂ ನಿಧಾನ ಆಗಬೇಕು ಅನ್ನುವ ಜಾಗದಲ್ಲಿ ನ್ಯೂಟ್ರಲ್ ಹಾಕಿ ನೀವು ಉಳಿಸಿದ್ದೇನೂ ಇಲ್ಲ. ಎಂಜಿನ್ನಿನ ಹಿಡಿತವನ್ನೂ ಕಳೆದುಕೊಂಡು, ಪೂರ್ತಿ ಭಾರವನ್ನು ಬ್ರೇಕಿನ ಮೇಲೆ ಹಾಕಿದ್ದೀರಿ. ಶಿರಾಡಿ ಘಾಟಿಯಲ್ಲಿ ಇದನ್ನೇ ಮಾಡಿದರೆ ಬ್ರೇಕ್ ಕಾದು ಹಿಡಿಯದೇ ಹೋಗಬಹುದು. ದಯವಿಟ್ಟು ಇವತ್ತೇ ಬಿಡಿ.

ಬಿಟ್ಟಿದ್ದೀನಿ ಅಂತ ರಾತ್ರಿ ಊಟಕ್ಕೆ ಕೂತಾಗ ಎಲ್ಲರ ಎದುರಿಗೆ ಹೇಳಿ. 'ನ್ಯೂಟ್ರಲ್ ವಿಷಯದಲ್ಲಿ ನಂದೇ ತಪ್ಪು' ಅಂತ, ಅಷ್ಟೇ. 'ಆದ್ರೆ ಮಿಕ್ಕಿದ್ದೆಲ್ಲ ಸರಿ' ಅನ್ನುವ ಬಾಲ ಬೇಡ. ತಪ್ಪು ಒಪ್ಪಿಕೊಳ್ಳುವವನ ಮಾತಿಗೆ ಮನೆಯಲ್ಲಿ ಸ್ವಲ್ಪ ಜಾಸ್ತಿನೇ ಕಿವಿ ಸಿಗುತ್ತದೆ.

ಎಸಿ ವಿಷಯಕ್ಕೆ ಬರೋಣ. ಏಪ್ರಿಲ್ ತಿಂಗಳು, ಗೊರಗುಂಟೆಪಾಳ್ಯದಲ್ಲಿ ಲಾರಿ ಪಕ್ಕ ನಿಂತ ಕಾರು, ಕಿಟಕಿ ತೆಗೆದರೆ ಹೊಗೆ, ಮುಚ್ಚಿದರೆ ಬೆವರು. ಆಫೀಸಿಗೆ ಇಸ್ತ್ರಿ ಮಾಡಿದ ಸೀರೆ ಉಟ್ಟು ಹೊರಟ ಯಾವ ಹೆಂಗಸೂ ಇದನ್ನು ಉಳಿತಾಯ ಅಂತ ಒಪ್ಪುವುದಿಲ್ಲ. ಎಸಿಗೆ ಪೆಟ್ರೋಲ್ ಖರ್ಚಾಗುತ್ತದೆ, ನಿಜ. ಬಿಸಿಲಲ್ಲಿ ನಿಂತ ಕಾರಾದರೆ ಮೊದಲೊಂದು ನಿಮಿಷ ಕಿಟಕಿ ಇಳಿಸಿ ಬಿಸಿಗಾಳಿ ಹೊರಗೆ ಬಿಡಿ, ಆಮೇಲೆ 24, 25ಕ್ಕೆ ಎಸಿ ಹಾಕಿ. ಹೆದ್ದಾರಿಯ ವೇಗದಲ್ಲಂತೂ ಕಿಟಕಿ ತೆಗೆದರೂ ಖರ್ಚೇ, ನುಗ್ಗಿದ ಗಾಳಿ ಕಾರನ್ನು ಹಿಂದಕ್ಕೆ ಎಳೆಯುತ್ತದೆ. ಇಷ್ಟಕ್ಕೂ ನಿಮ್ಮ ಹೆಂಡತಿ ಮೆಟ್ರೋ ಹತ್ತಿದ್ದು ಬರೀ ಸೆಕೆಗಾ? ಅವರು ಮಾತಾಡುವಾಗ ನಿಮ್ಮ ಕಣ್ಣು ಆ ನಂಬರಿನ ಮೇಲೇ ಇರುತ್ತಿತ್ತಾ ಅಂತ ಒಂದು ಸಲ ಕೇಳಿ ನೋಡಿ. ಮೆಟ್ರೋ ಬಿಡಿಸಬೇಡಿ, ಅದು ಒಳ್ಳೆಯದೇ. ಸ್ಟೇಷನ್ವರೆಗೆ ಡ್ರಾಪ್ ಕೊಡಿ, ಎಸಿ ಹಾಕಿಕೊಂಡು.

ಅಪ್ಪನ ವಿಷಯದಲ್ಲಿ ನನಗೆ ಅವರ ಮೇಲೇ ಕನಿಕರ. ಅವರು ಕಾರು ಕಲಿತಿದ್ದು ಬಹುಶಃ ಚೋಕ್ ಎಳೆದು ಸ್ಟಾರ್ಟ್ ಮಾಡುವ ಕಾಲದಲ್ಲಿ. ಹಳೇ ಮಾರುತಿ 800 ಇಟ್ಟುಕೊಂಡಿದ್ದವರನ್ನು ಕೇಳಿ, ಚಳಿಯಲ್ಲಿ ಎಂಜಿನ್ ಬಿಸಿ ಆಗದೆ ಹೊರಟರೆ ಗೇಟು ದಾಟುವಷ್ಟರಲ್ಲಿ ಕೆಮ್ಮಿ ಆಫ್ ಆಗುತ್ತಿತ್ತು. ಅವತ್ತು ಅವರು ಮಾಡಿದ್ದು ಸರಿಯಾಗೇ ಇತ್ತು. ಈಗ ಎಂಜಿನ್ ಬದಲಾಗಿದೆ. ಅರ್ಧ ನಿಮಿಷ ಸಾಕು, ಮೊದಲೆರಡು ಕಿಲೋಮೀಟರ್ ಮೆತ್ತಗೆ ಓಡಿಸಿದರೆ ನಿಂತಿರುವುದಕ್ಕಿಂತ ಬೇಗ ಬಿಸಿ ಆಗುತ್ತದೆ. ನಮ್ಮ ಊರಿನ ಚಳಿ ಎಷ್ಟರ ಚಳಿ! ಸಣ್ಣ ಕಾರು ಸುಮ್ನೆ ನಿಂತು ಗುರುಗುಟ್ಟಿದರೆ ಗಂಟೆಗೆ ಅರ್ಧ ಲೀಟರಿಗಿಂತ ಜಾಸ್ತಿ ಕುಡಿಯುತ್ತದೆ. ಹತ್ತು ನಿಮಿಷಕ್ಕೆ ಹತ್ತಿರ ಹತ್ತಿರ ಒಂದು ಕಾಫಿ ಲೋಟ ಪೆಟ್ರೋಲ್.

ಆದರೆ ಇದನ್ನು ಅವರಿಗೆ ಹೀಗೆ ಹೇಳಬೇಡಿ. ರಿಟೈರ್ ಆದ ಮನುಷ್ಯನಿಗೆ ಬೆಳಿಗ್ಗೆ ಕಾರಿನ ಹತ್ತಿರ ಒಂದು ಕೆಲಸ ಇದೆ, ಮಗನಿಗೆ ಕಾರು ರೆಡಿ ಮಾಡಿ ಕೊಡುವ ಕೆಲಸ. ಅದನ್ನು ಕಿತ್ತುಕೊಂಡರೆ ಜಗಳ ಗ್ಯಾರಂಟಿ. ಬೇರೆ ಕೆಲಸ ಕೊಡಿ. 'ಅಪ್ಪ, ಟೈರ್ ಗಾಳಿ ನೀವು ನೋಡ್ಕೊಳ್ಳಿ, ನನಗೆ ಮರೆತುಹೋಗುತ್ತೆ' ಅನ್ನಿ. ಎಷ್ಟು ಗಾಳಿ ಇರಬೇಕು ಅಂತ ಡ್ರೈವರ್ ಬಾಗಿಲಿನ ಒಳಗಡೆ ಸ್ಟಿಕರ್ ಇರುತ್ತದೆ. ಟೈರ್ ತಣ್ಣಗಿರುವಾಗ, ಭಾನುವಾರ ಬೆಳಿಗ್ಗೆ ಮನೆ ಹತ್ತಿರದ ಬಂಕಿನಲ್ಲಿ ಚೆಕ್ ಮಾಡಿಸಬೇಕು. ಗಾಳಿ ಕಡಿಮೆ ಇದ್ದರೆ ಟೈರ್ ರಸ್ತೆಗೆ ಅಂಟಿಕೊಂಡ ಹಾಗೆ ಓಡುತ್ತದೆ, ಪೆಟ್ರೋಲ್ ಜಾಸ್ತಿ ಬೇಕು. ಜೊತೆಗೆ ಪೆಟ್ರೋಲ್ ಲೆಕ್ಕವನ್ನೂ ಅವರಿಗೇ ವಹಿಸಿ. ಒಂದೇ ಬಂಕಿನಲ್ಲಿ ಪೈಪು ತಾನಾಗಿ ನಿಲ್ಲುವವರೆಗೆ ತುಂಬಿಸಿ ಟ್ರಿಪ್ ಮೀಟರ್ ಸೊನ್ನೆ ಮಾಡುವುದು, ಮುಂದಿನ ಸಲ ಹಾಗೇ ತುಂಬಿಸಿ ಭಾಗಿಸುವುದು. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಬರೆಯಲಿ. ಎರಡು ತಿಂಗಳಲ್ಲಿ ಆ ಹತ್ತು ನಿಮಿಷ ಅವರ ಕಣ್ಣಿಗೇ ಬೀಳುತ್ತದೆ. ಬೀಳದಿದ್ದರೂ ಕಾಫಿ ಲೋಟಕ್ಕೆ ಹತ್ತೋ ಹದಿಮೂರೋ ರೂಪಾಯಿ ಅಂದುಕೊಂಡು ಸುಮ್ಮನಿರಿ.

ಸಿಗ್ನಲ್ಲಿನಲ್ಲಿ ಎಂಜಿನ್ ಆಫ್ ಮಾಡುವುದು ಒಳ್ಳೆಯದೇ. ಕೆಳಗೆ ಇಳಿಯುವ ಅಂಕಿ ಇನ್ನೂ ಐದು ಇರುವಾಗ ಸ್ಟಾರ್ಟ್ ಮಾಡಿ, ಹಿಂದಿನವರ ಹಾರ್ನ್ ಕೇಳಿದ ಮೇಲಲ್ಲ.

ಇನ್ನು ಭಾಮೈದ. ಇಲ್ಲಿ ನಾನು ಅವನ ಕಡೆ. ಮೈಸೂರಿನ ಹೊಸ ಹೆದ್ದಾರಿಯಲ್ಲಿ ಕಾರಿಗೆ 100ರವರೆಗೆ ಅವಕಾಶ ಇದೆ. 70ರಲ್ಲಿ ಹೋಗುವುದು ನಿಮ್ಮ ಹಕ್ಕು, ಆದರೆ ಎಡಗಡೆ ಲೇನಿನಲ್ಲಿ. ಬಲಗಡೆ ಹಿಡಿದುಕೊಂಡು ಹೋಗುತ್ತಿದ್ದಿರಾ? ಪತ್ರದಲ್ಲಿ ಬರೆದಿಲ್ಲ, ನನಗೆ ಸಣ್ಣ ಅನುಮಾನ. ನಡುವಿನ ದಾರಿ ಒಂದಿದೆ. 80ರಿಂದ 100ಕ್ಕೆ ಏರಿದರೆ ಎದುರು ಗಾಳಿ ತಳ್ಳುವ ಬಲ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತದೆ. ನೂರು ಕಿಲೋಮೀಟರಿಗೆ ಉಳಿಯುವುದು ಹದಿನೈದು ನಿಮಿಷ, ಅದನ್ನು ವಾಪಸ್ ಬರುವಾಗ ಕೆಂಗೇರಿ ಟ್ರಾಫಿಕ್ ಒಂದೇ ಗುಟುಕಿಗೆ ನುಂಗುತ್ತದೆ. 80, 85ರಲ್ಲಿ ಹೋದರೆ ಎತ್ತಿನ ಗಾಡಿ ಅನ್ನುವ ಹಾಗಿಲ್ಲ, ಪೆಟ್ರೋಲೂ ಕಣ್ಣಿಗೆ ಕಾಣುವ ಹಾಗೆ ಉಳಿಯುತ್ತದೆ.

ಗೆಳೆಯರ ದೂರು ಏನಿರಬಹುದು ಅಂತ ಊಹಿಸಬಲ್ಲೆ. ಮುಂದೆ ಗ್ಯಾಪ್ ಬಿಟ್ಟರೆ ಆಟೋ ತೂರುತ್ತದೆ. ನಿಜ, ತೂರುತ್ತದೆ. ಅದರ ಹಿಂದೆ ಒಂದು ಸ್ಕೂಟರ್ ಕೂಡ. ಲಗ್ಗೆರೆಯಿಂದ ಹೆಬ್ಬಾಳದವರೆಗೆ ಹತ್ತು ಆಟೋ ತೂರಿದರೂ ಹೋಗುವುದು ಒಂದೆರಡು ನಿಮಿಷ, ತೂರಿದ ಆಟೋ ಮುಂದಿನ ಸಿಗ್ನಲ್ಲಿನಲ್ಲಿ ನಿಮ್ಮ ಪಕ್ಕದಲ್ಲೇ ನಿಂತಿರುತ್ತದೆ. ಆದರೆ ಬೆಂಗಳೂರಿನಲ್ಲಿ ಓಡಿಸುವವನಿಗೆ ಅದು ಟೈಮಿನ ವಿಷಯ ಅಲ್ಲ ಬಿಡಿ, ಮರ್ಯಾದೆ ವಿಷಯ.

ನಮ್ಮ ಎದುರು ಮನೆಯಲ್ಲಿ ಬಿಎಂಟಿಸಿಯಲ್ಲಿ ಡ್ರೈವರ್ ಆಗಿ ರಿಟೈರ್ ಆದವರೊಬ್ಬರಿದ್ದಾರೆ. ಡಿಪೋದಲ್ಲಿ ಮೈಲೇಜ್ ಅನ್ನುವುದಿಲ್ಲ, ಕೆಎಂಪಿಎಲ್ ಅಂತಾರೆ. ಲೀಟರ್ ಡೀಸೆಲಿಗೆ ಎಷ್ಟು ಓಡಿಸಿದೆ ಅಂತ ಲೆಕ್ಕ ಇಡುತ್ತಾರೆ. ನಿಮ್ಮ ಪತ್ರ ಬಂದ ಮೇಲೆ ಅವರನ್ನು ಕೇಳಿದೆ, ನೀವು ಹೇಗೆ ತೆಗೆಯುತ್ತಿದ್ದಿರಿ ಅಂತ. ಅವರು ತರಕಾರಿ ಚೀಲ ಕೆಳಗಿಟ್ಟು, ಎರಡೂ ಕೈಯಲ್ಲಿ ದೊಡ್ಡ ಸ್ಟೀರಿಂಗ್ ಹಿಡಿದ ಹಾಗೆ ಮಾಡಿ, ಬಲಗಾಲನ್ನು ನೆಲದ ಮೇಲೆ ಒಂದೇ ಒಂದು ಅಂಗುಲ ಒತ್ತಿ ತೋರಿಸಿದರು. ನಿಂತಿರೋ ಜನ ಬೀಳಬಾರದು, ಅಷ್ಟು ನೋಡ್ಕೊಂಡರೆ ಕೆಎಂಪಿಎಲ್ ತಾನಾಗಿ ಬರುತ್ತೆ ಅಂದರು. ಯೋಚನೆ ಮಾಡಿ, ಸರಿಯಾಗೇ ಇದೆ. ಪೆಟ್ರೋಲ್ ಸುಟ್ಟು ಗಳಿಸಿದ ವೇಗವನ್ನು ಬ್ರೇಕ್ ಪ್ಯಾಡಿನಲ್ಲಿ ಬಿಸಿ ಮಾಡಿ ಕಳೆಯುವುದೇ ದೊಡ್ಡ ನಷ್ಟ. ಜನ ಮುಗ್ಗರಿಸುವುದೂ ಅದೇ ಹೊತ್ತಿನಲ್ಲಿ.

ಇದನ್ನು ನಿಮಗೆ ಒಬ್ಬರು ಆಗಲೇ ಹೇಳಿದ್ದಾರೆ, ನಿಮ್ಮ ಅತ್ತೆ. ಪತ್ರದ ಕೊನೆಯಲ್ಲಿ ಒಂದು ಸಾಲಿನಲ್ಲಿ ಬರೆದು ಮುಗಿಸಿದಿರಿ! ಅವರಿಗೆ 11 ಗೊತ್ತಿಲ್ಲ, 14 ಗೊತ್ತಿಲ್ಲ. ನಿಮ್ಮ ಕಾರಿನಲ್ಲಿ ಹೊಟ್ಟೆ ತೊಳಸಲ್ಲ ಅನ್ನುವುದು ಗೊತ್ತು. ಪ್ಲಾಸ್ಟಿಕ್ ಕವರು, ನಿಂಬೆಹಣ್ಣು ಕೈಯಲ್ಲಿ ಹಿಡಿದುಕೊಂಡು ಪ್ರಯಾಣ ಮಾಡುವವರಿಗೆ ಅದು ಎಷ್ಟು ದೊಡ್ಡ ಮಾತು ಗೊತ್ತಾ? ಗೆಳೆಯರನ್ನು ವಾಪಸ್ ಕರೆಯುವಾಗಲೂ ಇದೇ ದಾರಿ ಹಿಡಿಯಿರಿ. 'ಎಸಿ ಇರುತ್ತೆ, ಹಿಂದೆ ಕೂತು ನಿದ್ದೆ ಮಾಡ್ಕೊಂಡು ಬನ್ನಿ, ಪೆಟ್ರೋಲ್ ನಾಲ್ಕು ಪಾಲು' ಅನ್ನಿ. ಹೊಸ ಪಾಲು ಹಳೇ ಪಾಲಿಗಿಂತ ಕಡಿಮೆ ಬಂದಾಗ ಯಾಕೆ ಅಂತ ಅವರೇ ಕೇಳುತ್ತಾರೆ. ಕೇಳಿದಾಗ ಹೇಳಿ, ಎರಡೇ ವಾಕ್ಯದಲ್ಲಿ.

ಭಾಮೈದನಿಗೆ ಫೋನ್ ಮಾಡಿ ಮುಂದಿನ ಮೈಸೂರು ಟ್ರಿಪ್ಪಿಗೆ ಕರೆಯಿರಿ. ಹೋಗುವಾಗ ನೀವು ಓಡಿಸಿ, 85ರಲ್ಲಿ. ಬರುವಾಗ ಕೀ ಅವನ ಕೈಗೆ ಕೊಡಿ. ಅತ್ತೆಯನ್ನು ಅವನ ಪಕ್ಕ ಮುಂದಿನ ಸೀಟಿನಲ್ಲಿ ಕೂರಿಸಿ, ಏನು ಹೇಳಬೇಕೋ ಅವರು ಹೇಳಿಕೊಳ್ಳುತ್ತಾರೆ. ನೀವು ಹಿಂದೆ ಹೆಂಡತಿ ಪಕ್ಕ ಕೂತುಕೊಳ್ಳಿ. ಅವನ ಹಿಂದಿನ ಸೀಟೇ ಆಗಲಿ, ಅಲ್ಲಿಂದ ಡ್ಯಾಶ್‌ಬೋರ್ಡ್ ಕಾಣುವುದಿಲ್ಲ.