ಗದಗದ ಪಿನ್‌ಕೋಡ್ ಅವಿಭಾಜ್ಯ ಸಂಖ್ಯೆಯೇ?

ಪ್ರಶ್ನೆ: ನಮ್ಮೂರಿನ ಪಿನ್‌ಕೋಡ್ 582101 ಅನ್ನು 2, 3, 5, 7 ಮತ್ತು 11ರಿಂದ ಭಾಗಿಸಿ ನೋಡಿದೆ, ಪ್ರತಿಸಲವೂ ಶೇಷ ಉಳಿಯಿತು. ಇದನ್ನು ಅವಿಭಾಜ್ಯ ಸಂಖ್ಯೆ ಎನ್ನಬಹುದೇ? ಅಂಕಿಗಳನ್ನು ಕೂಡಿದರೆ 17, ಮತ್ತೆ ಕೂಡಿದರೆ 8 ಬರುತ್ತದೆ. ಇದಕ್ಕೇನಾದರೂ ವಿಶೇಷವಿದೆಯೇ?
— ಓದುಗರೊಬ್ಬರು, ಗದಗ

ಉತ್ತರ: ತಾವು ಒಂದೇ ಹೆಜ್ಜೆ ಮೊದಲೇ ನಿಲ್ಲಿಸಿದ್ದೀರಿ. 13ರಿಂದ ಭಾಗಿಸಿದ್ದರೆ 44777 ಎಂಬ ಭಾಗಲಬ್ಧ ಶೇಷವಿಲ್ಲದೆ ಬರುತ್ತಿತ್ತು. 7, 11, 13 ಇವುಗಳ ಗುಣಲಬ್ಧ 1001 ಆಗಿರುವುದರಿಂದ ಈ ಮೂರನ್ನೂ ಒಂದೇ ಸಲಕ್ಕೆ ಪರೀಕ್ಷಿಸಬಹುದು: ಆರಂಕಿಯ ಸಂಖ್ಯೆಯನ್ನು ನಡುವೆ ಕತ್ತರಿಸಿ 582ರಲ್ಲಿ 101 ಕಳೆದರೆ 481 ಉಳಿಯುತ್ತದೆ, ಇದು 13ರ 37 ಪಟ್ಟು, ಆದರೆ 7ಕ್ಕಾಗಲಿ 11ಕ್ಕಾಗಲಿ ಒಗ್ಗುವುದಿಲ್ಲ. (ಹಾವೇರಿಯವರಿಗೆ ಈ ಕಷ್ಟವೇ ಇಲ್ಲ; ಅವರ 581110 ಸೊನ್ನೆಯಲ್ಲಿ ಮುಗಿಯುತ್ತದೆ.)

44777 ಮಾತ್ರ ನಿಜವಾಗಿಯೂ ಅವಿಭಾಜ್ಯ. 212ರ ವರ್ಗ 44944 ಇದನ್ನು ಮೀರುವುದರಿಂದ 211ರವರೆಗಿನ 47 ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. 29 ಮತ್ತು 193ರಲ್ಲಿ ಶೇಷ ಬರೀ 1 ಉಳಿದು, ಸಿಕ್ಕಿತೆನ್ನುವಷ್ಟರಲ್ಲಿ ಕೈತಪ್ಪುತ್ತದೆ.

ಅಂಕಿಗಳ ಮೊತ್ತ 17 ಎಂಬುದರಿಂದ ಈ ಸಂಖ್ಯೆ 3ರಿಂದ ಭಾಗವಾಗದು ಎಂದಷ್ಟೇ ತಿಳಿಯುತ್ತದೆ. 8ಕ್ಕೆ ಶುಭಾಶುಭ ಹಚ್ಚುವುದು ಗಣಿತದ ಕೆಲಸವಲ್ಲ. ವಿಶೇಷ ಬೇಕೆಂದರೆ ಅದು ಬೇರೆ ಕಡೆ ಇದೆ. 4ರಿಂದ ಭಾಗಿಸಿದಾಗ ಶೇಷ 1 ಉಳಿಸುವ ಪ್ರತಿಯೊಂದು ಅವಿಭಾಜ್ಯವನ್ನೂ ಎರಡು ವರ್ಗಗಳ ಮೊತ್ತವಾಗಿ ಒಂದೇ ಒಂದು ರೀತಿಯಲ್ಲಿ ಬರೆಯಬಹುದೆಂದು ಫ್ರೆಂಚ್ ಗಣಿತಜ್ಞ ಫರ್ಮಾ ಹೇಳಿದ್ದನ್ನು 18ನೆಯ ಶತಮಾನದಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್ ಸಾಧಿಸಿ ತೋರಿಸಿದರು. ನಮ್ಮ ಎರಡೂ ಅಪವರ್ತನಗಳು ಆ ಜಾತಿಯವೇ: 13 ಎಂದರೆ 2 ಮತ್ತು 3ರ ವರ್ಗಗಳ ಮೊತ್ತ, 44777 ಎಂದರೆ 211 ಮತ್ತು 16ರ ವರ್ಗಗಳ ಮೊತ್ತ. ಇಂಥ ಎರಡು ಮೊತ್ತಗಳನ್ನು ಗುಣಿಸಿದಾಗ ಬರುವುದೂ ಎರಡು ವರ್ಗಗಳ ಮೊತ್ತವೇ ಎಂಬುದು ಭಾರತದ ಗಣಿತಜ್ಞ ಬ್ರಹ್ಮಗುಪ್ತ ಕ್ರಿ.ಶ. 628ರಲ್ಲಿ ಕೊಟ್ಟ ಸೂತ್ರದಿಂದ ನೇರವಾಗಿ ಹೊರಡುತ್ತದೆ. ಅದರಂತೆ ಲೆಕ್ಕ ಹಾಕಿದರೆ 582101 ಎಂಬುದು 601 ಮತ್ತು 470ರ ವರ್ಗಗಳ ಮೊತ್ತವೂ ಹೌದು (361201 + 220900), 665 ಮತ್ತು 374ರ ವರ್ಗಗಳ ಮೊತ್ತವೂ ಹೌದು (442225 + 139876).

ಅವಿಭಾಜ್ಯಕ್ಕೆ ಇಂಥ ಎರಡು ರೂಪಗಳು ಇರಲಾರವಾದ್ದರಿಂದ, ಭಾಗಾಕಾರವನ್ನೇ ಮಾಡದಿದ್ದರೂ ತಮ್ಮ ಪ್ರಶ್ನೆಗೆ ‘ಅಲ್ಲ’ ಎಂಬ ಉತ್ತರ ಇಲ್ಲಿಯೇ ದೊರೆಯುತ್ತದೆ. ಅಷ್ಟೇ ಅಲ್ಲ, 665ರಲ್ಲಿ 601 ಕಳೆದರೆ 64, 470ರಲ್ಲಿ 374 ಕಳೆದರೆ 96. ಎರಡನ್ನೂ 32ರಿಂದ ಭಾಗಿಸಿದರೆ 2 ಮತ್ತು 3 ಉಳಿಯುತ್ತವೆ, ಅವುಗಳ ವರ್ಗಗಳನ್ನು ಕೂಡಿದರೆ ತಾವು ಬಿಟ್ಟುಬಂದ 13 ತಾನಾಗಿಯೇ ಎದುರು ಬರುತ್ತದೆ.