ಎರೆಮಣ್ಣಿಗೆ ದಿನಾ ನೀರು ಬೇಡ

ಪ್ರಶ್ನೆ: ನಮ್ಮ ಮನೆ ಬಾಗಲಕೋಟೆ ನವನಗರದಲ್ಲಿದೆ. ಹಿತ್ತಲಲ್ಲಿ 20 ಅಡಿ ಉದ್ದ, 10 ಅಡಿ ಅಗಲದ ಜಾಗ ಖಾಲಿ ಇತ್ತು. ಯುಗಾದಿ ಆದ ಮೇಲೆ ಎರಡು ಟ್ರ್ಯಾಕ್ಟರ್ ಎರೆಮಣ್ಣು ಹಾಕಿಸಿ ಟೊಮೆಟೊ, ಡಬ್ಬು ಮೆಣಸಿನಕಾಯಿ, ಹೂಕೋಸಿನ ಸಸಿ ಹಚ್ಚಿದೆವು. ಇದೇ ಮೊದಲ ಸಲ. ಮಕ್ಕಳು ಬೆಳಿಗ್ಗೆ, ಸಂಜೆ ತಪ್ಪದೆ ಬೋರಿನ ನೀರು ಹಾಕುತ್ತಾರೆ. ಆದರೂ ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಟೊಮೆಟೊ ಹೂ ಉದುರಿಹೋಯಿತು, ಕೆಲವು ಗಿಡದ ಎಲೆ ಮುದುಡಿದೆ. ‘ಮೊದಲ ಮೆಂತೆಪಲ್ಯ ಹಾಕ್ರಿ ಅಂದ್ರ ಕೇಳಲಿಲ್ಲ’ ಅಂತ ಅತ್ತೆಯವರು ನಗುತ್ತಾರೆ. ಈಗ ಮಳೆಗಾಲ ಬಂತು. ಮತ್ತೆ ಹಾಕೋಣವೋ, ಬಿಟ್ಟುಬಿಡೋಣವೋ?

ಉತ್ತರ: ಬಿಡಬೇಡಿ. ಆದರೆ ಈ ಸಲ ಅತ್ತೆಯವರ ಮಾತು ಕೇಳಿ!

ಮೊದಲು ನೀರಿನ ವಿಷಯ. ಎರೆಮಣ್ಣು ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ನಾಲ್ಕು ಬೆರಳು ಕೆಳಗೆ ಹಸಿ ಇರುತ್ತದೆ. ಬಿರುಕು ನೋಡಿದ ತಕ್ಷಣ ನಮಗೆ ಜೀವ ತಡೆಯೋದಿಲ್ಲ, ಪೈಪ್ ಹಿಡಿದು ನಿಲ್ಲುತ್ತೇವೆ. ಬೇರಿನ ಸುತ್ತ ಸದಾ ನೀರು ನಿಂತರೆ ಬೇರಿಗೆ ಗಾಳಿ ಆಡೋದಿಲ್ಲ. ನೀರು ಹಾಕುವ ಮುಂಚೆ ಗಿಡದ ಪಕ್ಕ ಬೆರಳುದ್ದ ಕೆದರಿ, ಅಲ್ಲಿಯ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ. ಅಂಟಿಕೊಂಡು ಉಂಡೆಯಾದರೆ ಅವತ್ತು ನೀರು ಬೇಡ. ಪುಡಿಪುಡಿಯಾಗಿ ಉದುರಿದರೆ ಹಾಕಿ. ಈ ಪರೀಕ್ಷೆಯ ಕೆಲಸ ಮಕ್ಕಳಿಗೇ ಕೊಡಿ, ಖುಷಿಯಿಂದ ಮಾಡುತ್ತಾರೆ. ಎಳೆ ಸಸಿಗೆ, ಆಗಷ್ಟೇ ಬಿತ್ತಿದ ಬೀಜಕ್ಕೆ ಮಾತ್ರ ಈ ಲೆಕ್ಕ ಬೇಡ, ಅವಕ್ಕೆ ಮೇಲಿನ ಮಣ್ಣು ಹಸಿ ಇರಲೇಬೇಕು.

ಹೊಸ ಎಲೆ ಹಳದಿ, ನರ ಹಸಿರು ಅಂದರೆ ಸಾಮಾನ್ಯವಾಗಿ ಕಬ್ಬಿಣಾಂಶದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ. ಆದರೆ ಎರೆಮಣ್ಣಲ್ಲಿ ಸುಣ್ಣದ ಅಂಶ ಜಾಸ್ತಿ, ಅದರ ಮೇಲೆ ನೀರೂ ನಿಂತರೆ ಗಿಡಕ್ಕೆ ಅದು ಸಿಗೋದಿಲ್ಲ. ಮನೆ ಕಟ್ಟುವಾಗ ಉಳಿದ ಸಿಮೆಂಟು, ಸುಣ್ಣದ ಚೂರು ಅಲ್ಲೇ ಹೂತಿದ್ದರೆ ಇನ್ನೂ ಕಷ್ಟ, ಆರಿಸಿ ತೆಗೆಯಿರಿ. ಸದ್ಯಕ್ಕೆ ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಸ್ವಲ್ಪ ನಿಂಬೆರಸ ಬೆರೆಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಹಳೆ ಎಲೆ ಹಳದಿಯಾಗಿದ್ದರೆ ಅದು ಬೇರೆ ಕಥೆ, ಆಗ ಸಾರಜನಕ ಕಡಿಮೆ ಅಂತ ತಿಳಿಯಬೇಕು.

ಬೋರಿನ ನೀರು ಕೊಡದಲ್ಲಿ ಬಿಳಿ ಪೊರೆ ಕಟ್ಟುತ್ತದಾ? ಎಲೆಯ ಅಂಚು ಸುಟ್ಟಂತೆ ಆಗಿದೆಯಾ? ಹಾಗಿದ್ದರೆ ನೀರಲ್ಲಿ ಉಪ್ಪು ಜಾಸ್ತಿ ಇರಬಹುದು. ಬೀನ್ಸ್, ಗಜ್ಜರಿ ಹಾಕಲು ಹೋಗಬೇಡಿ, ಅವು ಉಪ್ಪು ತಡೆಯೋದಿಲ್ಲ. ಪಾಲಕ್, ಬೀಟ್‌ರೂಟ್ ತಡೆಯುತ್ತವೆ. ಮನೆಯಲ್ಲಿ ವಾಟರ್ ಸಾಫ್ಟ್‌ನರ್ ಇದ್ದರೆ ಅದರಿಂದ ಬಂದ ನೀರು ತೋಟಕ್ಕೆ ಬೇಡವೇ ಬೇಡ. ಅದರಲ್ಲಿ ಸೋಡಿಯಂ ಜಾಸ್ತಿ, ಎರೆಮಣ್ಣು ಇನ್ನೂ ಗಟ್ಟಿಯಾಗುತ್ತದೆ.

ಹೂ ಉದುರಿದ್ದು ಬಿಸಿಲಿಗೆ. ಹಗಲಿನ ಬಿಸಿ 35 ಡಿಗ್ರಿ ದಾಟಿದರೆ ಟೊಮೆಟೊ ಹೂ ಕಾಯಿಕಟ್ಟುವುದು ಕಷ್ಟ. ನಮ್ಮ ಕಡೆ ಏಪ್ರಿಲ್ ಬಿಸಿಲು ನಿಮಗೆ ಹೇಳಬೇಕಾಗಿಲ್ಲ, ಅಲ್ವಾ? ಹೂಕೋಸಿಗಂತೂ ತಂಪು ಬೇಕೇ ಬೇಕು, ಅದನ್ನು ಕಿತ್ತುಬಿಡಿ. ಟೊಮೆಟೊ ಎಲೆ ಮುದುಡಿ ಗಿಡ ಗಿಡ್ಡವಾಗಿದ್ದರೆ ಅದು ಬಿಳಿ ನೊಣ ಹರಡುವ ನಂಜುರೋಗ (ವೈರಸ್). ಔಷಧಿ ಇಲ್ಲ. ಅಂಥ ಗಿಡ ಕಿತ್ತು ದೂರ ಹಾಕಿ, ಉಳಿದವಕ್ಕೆ ವಾರಕ್ಕೊಮ್ಮೆ ಬೇವಿನೆಣ್ಣೆ ಸಿಂಪಡಿಸಿ. ಲೀಟರ್ ನೀರಿಗೆ 5 ಮಿ.ಲೀ. ಸಾಕು, ಬೆರೆಯಲು ಚೂರು ಸೋಪು.

ಈಗ ಮಿರಗದ (ಮೃಗಶಿರಾ) ಮಳೆಗೆ ಹೊಸದಾಗಿ ಶುರು ಮಾಡಿ. ಸುಮಾರು 100 ಕೆ.ಜಿ. ತಿಪ್ಪೆಗೊಬ್ಬರ ಬೆರೆಸಿ. ಚೆನ್ನಾಗಿ ಕಳಿತದ್ದೇ ಆಗಬೇಕು, ಹಸಿ ಸಗಣಿ ಹಾಕಿದರೆ ಗೆದ್ದಲು ಬರುತ್ತದೆ. ಮೂರಡಿ ಅಗಲ, ಅರ್ಧ ಅಡಿ ಎತ್ತರದ ಏರುಮಡಿ ಮಾಡಿ, ನಡುವೆ ಕಾಲಿಡುವಷ್ಟು ಜಾಗ ಬಿಡಿ. ಮಡಿಯ ಮೇಲೆ ಯಾರೂ ತುಳಿಯಬಾರದು, ತುಳಿದರೆ ಎರೆಮಣ್ಣು ಕಲ್ಲಾಗುತ್ತದೆ.

ಒಂದು ಮಡಿಗೆ ಮೆಂತೆ, ಒಂದಕ್ಕೆ ರಾಜಗಿರಿ. ಮೆಂತೆ ಅಡುಗೆಮನೆ ಡಬ್ಬಿಯದೇ ಸಾಕು, ನಾಲ್ಕೈದು ದಿನಕ್ಕೆ ಮೊಳಕೆ ಬರುತ್ತದೆ, ತಿಂಗಳೊಳಗೆ ಕೈಗೆ ಪಲ್ಯ. ಎಲ್ಲಾ ಒಂದೇ ದಿನ ಬಿತ್ತಿದರೆ ಎಲ್ಲಾ ಒಂದೇ ದಿನ ಬಲಿಯುತ್ತದೆ, ಓಣಿಗೆಲ್ಲಾ ಹಂಚಬೇಕಾಗುತ್ತದೆ. ಹತ್ತು ದಿನಕ್ಕೊಮ್ಮೆ ಎರಡು ಸಾಲು ಬಿತ್ತಿ. ಪುಂಡಿಪಲ್ಯ, ಬೆಂಡೆ, ಚವಳಿ (ಗೋರಿಕಾಯಿ) ಈ ಹೊತ್ತಿಗೆ ಚೆನ್ನಾಗಿ ಬರುತ್ತವೆ. ಕಾಂಪೌಂಡಿಗೆ ಹೀರೆಬಳ್ಳಿ ಹಬ್ಬಿಸಿ. ಕೊತ್ತಂಬರಿ ಮಾತ್ರ ಸ್ವಲ್ಪ ತಂಪಾದ ಮೇಲೆ, ಅದೂ ಕಾಳನ್ನು ಎರಡು ಹೋಳು ಮಾಡಿ.

ತೋಟಗಾರಿಕೆ ವಿಶ್ವವಿದ್ಯಾಲಯ 2008ರಿಂದ ನಿಮ್ಮ ಊರಲ್ಲೇ ಇದೆ. ಮಣ್ಣು, ನೀರು ಎರಡನ್ನೂ ಎಲ್ಲಿ ಪರೀಕ್ಷೆ ಮಾಡಿಸಬೇಕು ಅಂತ ಅಲ್ಲಿ ವಿಚಾರಿಸಿ. ನಾಲ್ಕೈದು ಕಡೆ ಅರ್ಧ ಅಡಿ ಆಳದ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕೆ.ಜಿ. ಒಯ್ಯಿರಿ. ಗಟ್ಟಿ ಮಣ್ಣು ಸಡಿಲಾಗಲು ಜಿಪ್ಸಂ ಹಾಕಿ ಅಂತ ಯಾರಾದರೂ ಹೇಳಿದರೆ ಆ ರಿಪೋರ್ಟ್ ಬರುವ ತನಕ ಕೈ ಹಾಕಬೇಡಿ.

ಡಬ್ಬು ಮೆಣಸಿನಕಾಯಿ ಆಸೆ ಬಿಡಬೇಕಾಗಿಲ್ಲ. ಅಕ್ಟೋಬರಿನಲ್ಲಿ ಟೊಮೆಟೊ ಜೊತೆ ಅದನ್ನೂ ಹಚ್ಚಿ. ಸಸಿ ಮನೆಯಲ್ಲೇ ಮಾಡುವುದಾದರೆ ಸೆಪ್ಟೆಂಬರ್ ಮೊದಲ ವಾರ ಬೀಜ ಹಾಕಿ, ಬಿಳಿ ನೊಣ ಕೂರದಂತೆ ಮೇಲೆ ತೆಳು ಹಳೆ ಸೀರೆ ಕಟ್ಟಿ.