ಒಂದು ವರ್ಷ ಅಲ್ಲೇ ಇರಲಿ ಬಿಡಿ

ಶಿರಾದ ಓದುಗರೊಬ್ಬರು ಬರೆದಿದ್ದಾರೆ: 'ಮಗ ತುಮಕೂರಲ್ಲಿ ಕಾಲೇಜು ಸೇರಿದ್ದಾನೆ. ಫಸ್ಟ್ ಇಯರ್‌ನವರಿಗೆಲ್ಲ ಬೇರೆ ಹಾಸ್ಟೆಲ್. ರೂಮಿನಲ್ಲಿ ನಮ್ಮವರು ಯಾರೂ ಇಲ್ಲ. ನಮ್ಮ ಜನಾಂಗದ ಹಾಸ್ಟೆಲ್‌ಗೆ ಸೇರಿಸೋಣವೇ? ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲೂ ಹೊಸಬರಿಗೆ ಬೇರೆ ಹಾಸ್ಟೆಲ್ ಅಂತೆ, ಯಾಕೆ?'

ಸ್ವಾಮಿ, ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಮೊದಲನೆಯದಕ್ಕೂ ಉತ್ತರ ಅಲ್ಲೇ ಸಿಗುತ್ತದೆ.

ಹಾರ್ವರ್ಡ್‌ನ ಹಳೇ ಅಂಗಳಕ್ಕೆ ಯಾರ್ಡ್ ಅಂತಾರೆ. ಅಲ್ಲಿನ ಮ್ಯಾಸಚೂಸೆಟ್ಸ್ ಹಾಲ್ ಎದ್ದಿದ್ದು 1720ರಲ್ಲಿ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಸೈನಿಕರು ಬೀಡುಬಿಟ್ಟಿದ್ದ ಆ ಇಟ್ಟಿಗೆ ಕಟ್ಟಡದ ಮೇಲಿನ ಮಹಡಿಯಲ್ಲಿ ಈಗಲೂ ಹೊಸ ವಿದ್ಯಾರ್ಥಿಗಳು ಇರುತ್ತಾರೆ. ಹಾಲಿಸ್ ಹಾಲ್ 1763ರದ್ದು. ಹಿಂದೆ ಅಲ್ಲಿನ ಹುಡುಗರು ಅಂಗಳದ ಪಂಪಿನಿಂದ ನೀರು ಹೊತ್ತು ತರಬೇಕಿತ್ತು.

ನೂರು ವರ್ಷದ ಹಿಂದೆ ದುಡ್ಡಿದ್ದವರ ಮಕ್ಕಳು ಯಾರ್ಡ್ ಬಿಟ್ಟು ಹತ್ತಿರದ ಖಾಸಗಿ ಹಾಸ್ಟೆಲ್‌ಗಳಲ್ಲಿ ಇರುತ್ತಿದ್ದರು. ಎಲ್ಲರೂ ಬೆರೆಯಲಿ ಅಂತ ಹಾರ್ವರ್ಡ್‌ನ ಆಗಿನ ಅಧ್ಯಕ್ಷ ಲೋವೆಲ್ 1914ರಲ್ಲಿ ನದಿ ದಡದಲ್ಲಿ ಹೊಸಬರ ಹಾಸ್ಟೆಲ್ ತೆರೆದರು. ಒಳ್ಳೇ ವಿಚಾರ, ಅಲ್ವಾ? ಅದೇ ಲೋವೆಲ್ ಕಪ್ಪು ಹುಡುಗರಿಗೆ ಅಲ್ಲಿ ಜಾಗ ಇಲ್ಲ ಅಂದುಬಿಟ್ಟರು. ಅಲ್ಲೇ ಓದಿ ಬಂದಿದ್ದ ತಂದೆಯೊಬ್ಬರು ಮಗನಿಗೆ ರೂಮು ಕೇಳಿದರೂ ಕೊಡಲಿಲ್ಲ. ಗಲಾಟೆಯಾಗಿ 1923ರಲ್ಲಿ ಆಡಳಿತ ಮಂಡಳಿ ನಿಷೇಧ ತೆಗೆಯಿತು, ತೆಗೆಯುವಾಗಲೂ ಬಿಳಿಯರು ಕರಿಯರು ಜೊತೆಯಲ್ಲೇ ಇರಬೇಕು, ಉಣ್ಣಬೇಕು ಅಂತ ಬಲವಂತ ಮಾಡುವುದಿಲ್ಲ ಎಂದು ಸಾಲೊಂದನ್ನು ಸೇರಿಸಿತು. ಅದನ್ನು ಓದಿದಾಗ ನನಗೆ ನಮ್ಮೂರುಗಳ ಬೇರೆ ಬೇರೆ ಪಂಕ್ತಿಗಳು ನೆನಪಾದವು, ಹೊಟ್ಟೆ ಉರಿಯಿತು.

1930ರ ದಶಕದಲ್ಲಿ ಹೊಸಬರೆಲ್ಲ ಯಾರ್ಡ್‌ಗೇ ಬಂದರು. ಈಗ ಮೊದಲ ವರ್ಷ ಯಾರ ಜೊತೆ ಯಾರು ಅಂತ ಕಾಲೇಜೇ ಗೊತ್ತು ಮಾಡುತ್ತದೆ.

ಜನಾಂಗದ ಹಾಸ್ಟೆಲ್‌ಗಳ ಬಗ್ಗೆ ನಾನು ಹಗುರವಾಗಿ ಮಾತಾಡುವುದಿಲ್ಲ. ಅವು ಇಲ್ಲದಿದ್ದರೆ ಎಷ್ಟೋ ಹಳ್ಳಿ ಹುಡುಗರ ಓದು ಅರ್ಧಕ್ಕೇ ನಿಲ್ಲುತ್ತಿತ್ತು. ಆದರೆ ನಿಮ್ಮ ಮಗನಿಗೆ ಜಾಗ ಸಿಕ್ಕಿದೆ, ಊಟ ಸಿಕ್ಕಿದೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಎಲ್ಲ ಜಾತಿಯ ಸಾವಿರಾರು ಮಕ್ಕಳು ಒಟ್ಟಿಗೆ ಕೂತು ಮುದ್ದೆ ಉಣ್ಣುವುದನ್ನು ನೀವೂ ನೋಡಿರುತ್ತೀರಿ. ನಿಮ್ಮ ಮಗನಿಗೂ ಅದು ಒಗ್ಗುತ್ತದೆ.

ಹೊಸಬರನ್ನು ಬೇರೆ ಇಡುವುದಕ್ಕೆ ನಮ್ಮಲ್ಲಿ ರ‍್ಯಾಗಿಂಗ್ ಕೂಡ ಕಾರಣ. ಆದಷ್ಟೂ ಬೇರೆ ಬ್ಲಾಕ್ ಕೊಡಿ ಅಂತ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ನಿಯಮವೇ ಇದೆ.

ಹಾಗಾಗಿ ಅಲ್ಲೇ ಬಿಡಿ. ಚಟ್ನಿಪುಡಿ ಡಬ್ಬಿ ದೊಡ್ಡದೇ ಕಳಿಸಿ, ರೂಮಿನವರೆಲ್ಲ ಕೈ ಹಾಕುತ್ತಾರೆ. ಮುಂದಿನ ವರ್ಷ ಯಾರ ಜೊತೆ ಇರಬೇಕು ಅಂತ ಅವನೇ ಹೇಳಲಿ. ಸೀನಿಯರ್‌ಗಳು ಕಾಟ ಕೊಟ್ಟರೆ ಮಾತ್ರ ಸುಮ್ನೆ ಇರಬೇಡಿ, ರ‍್ಯಾಗಿಂಗ್ ತಡೆ ಸಹಾಯವಾಣಿ 1800-180-5522ಕ್ಕೆ ಫೋನ್ ಮಾಡಿ.